ಮನೆಯಲ್ಲೇ ಕಟ್ಟಿದ ಕಿಟ್ ಕಾರು: ಎಲೆಕ್ಟ್ರಿಕ್ ಫ್ಯೂಯಲ್ ಪಂಪ್ ಹಾಕಿದ್ದೇನೆ, ಬಿಸಿಯಾದ ಮೇಲೆ ಪೆಟ್ರೋಲ್ ಬರುತ್ತಿಲ್ಲ

ಹದಿಮೂರನೇ ಸ್ಪ್ಯಾನರ್

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷ ರಜೆ ದಿನಗಳಲ್ಲಿ ಕೂತು ಕಟ್ಟಿದ ಕಾರು ಇದು. ಲೋಟಸ್ ಸೆವೆನ್ ಥರದ್ದು, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಕೊಳವೆ ಚಾಸಿ, ಅಲ್ಯೂಮಿನಿಯಂ ಮೈ. ಟ್ಯಾಂಕ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇದೆ. ಎಂಜಿನ್ ಹಳೇ ಕಾರೊಂದರಿಂದ ಇಳಿಸಿದ 1600 ಸಿಸಿ, ಎರಡು ವೆಬರ್ 40 ಕಾರ್ಬ್ಯುರೇಟರ್.

ಎಂಜಿನ್ ಜೊತೆ ಬಂದಿದ್ದು ಮೆಕ್ಯಾನಿಕಲ್ ಪಂಪ್. ಕ್ಯಾಮ್‌ಶಾಫ್ಟ್ ಅದರ ಲಿವರ್ ಒತ್ತುತ್ತದೆ, ಅದು ಪೆಟ್ರೋಲ್ ಎಳೆಯುತ್ತದೆ. ಆದರೆ ಈ ಚಾಸಿಯಲ್ಲಿ ಪಂಪ್ ಇರುವ ಜಾಗಕ್ಕೇ ಒಂದು ಕೊಳವೆ ಬರುತ್ತದೆ. ಹಾಗಾಗಿ ಪಂಪ್ ತೆಗೆದು, ಆ ತೂತಿಗೆ ಗ್ಯಾಸ್ಕೆಟ್ ಇಟ್ಟು ತಟ್ಟೆ ಬಿಗಿದೆ. ಬದಲಿಗೆ ಟಿಕ್ ಟಿಕ್ ಅನ್ನುವ ಚಿಕ್ಕ ಚೌಕ ಎಲೆಕ್ಟ್ರಿಕ್ ಪಂಪ್ ತಂದೆ. ಎಂಜಿನ್ ಮತ್ತು ಡ್ಯಾಶ್‌ಬೋರ್ಡ್ ನಡುವಿನ ತಗಡಿಗೆ ಅದನ್ನು ಕೂರಿಸಿದೆ. ವೈರ್ ಹತ್ತಿರ, ಕೈ ಸಿಗುತ್ತದೆ, ನೋಡಲೂ ಚೆಂದ. ಅದಕ್ಕಿಂತ ಮುಂಚೆ ಒಂದು ಗಾಜಿನ ಫಿಲ್ಟರ್, ಒಳಗೆ ಕಾಗದದ ಎಲಿಮೆಂಟ್ ಇರುವುದು.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಾರು ಹಕ್ಕಿ ಥರ ಓಡುತ್ತದೆ. ಹದಿನೈದು ಇಪ್ಪತ್ತು ನಿಮಿಷ ಆದ ಮೇಲೆ ಒಂದು ಏರು ಸಿಕ್ಕಿತೋ, ಮುಗಿಯಿತು. ಮೊದಲು ಒಂದೆರಡು ಸಲ ಕೆಮ್ಮುತ್ತದೆ, ಆಮೇಲೆ ಎಷ್ಟು ತುಳಿದರೂ ಎಳೆಯುವುದಿಲ್ಲ, ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಭಾನುವಾರ ಮೊದಲ ಸಲ ಮಗಳನ್ನು ಕೂರಿಸಿಕೊಂಡು ಹೋಗಿದ್ದೆ. ಏರಿನ ಮಧ್ಯದಲ್ಲಿ ನಿಂತಿತು, ಹಿಂದೆ ಲಾರಿ. ಆ ಎರಡು ನಿಮಿಷ ನನಗೆ ಮರೆಯಲು ಆಗುತ್ತಿಲ್ಲ.

ಎರಡು ವಿಷಯ ಗಮನಿಸಿದೆ. ನಿಲ್ಲುವ ಮುಂಚೆ ಪಂಪಿನ ಸದ್ದು ಬದಲಾಗುತ್ತದೆ. ನಿಧಾನವಾಗಿ ಟಿಕ್... ಟಿಕ್... ಅನ್ನುತ್ತಿದ್ದದ್ದು ಟಕಟಕಟಕ ಎಂದು ಓಡಲು ಶುರು ಮಾಡುತ್ತದೆ. ಇನ್ನೊಂದು, ಆ ಹೊತ್ತಿಗೆ ಗಾಜಿನ ಫಿಲ್ಟರ್ ಅರ್ಧ ಖಾಲಿ ಇರುತ್ತದೆ, ಒಳಗೆ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ.

ಇದಕ್ಕಿಂತ ದೊಡ್ಡ ಪಂಪ್ ಹಾಕಿದರೆ ಸರಿ ಹೋಗುತ್ತದಾ? ಯಾವುದು ತರಲಿ?

ಎರಡನೇ ಗೇರ್

ಪಂಪ್ ತರುವ ಮುಂಚೆ ಟ್ಯಾಂಕಿಗೆ ಗಾಳಿ ಹೋಗುತ್ತದಾ ನೋಡಿ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ವೆಂಟ್ ಪೈಪ್ ಇಲ್ಲದಿದ್ದರೆ, ಇದ್ದೂ ಮಡಚಿಕೊಂಡಿದ್ದರೆ, ಟ್ಯಾಂಕ್ ಒಳಗೆ ನಿರ್ವಾತ ಆಗಿ ಇದೇ ಥರ ನಿಲ್ಲುತ್ತದೆ. ಮುಂದಿನ ಸಲ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಎಳೆದುಕೊಂಡು, ಪಂಪ್ ಸರಿ ಹೋದರೆ ಕಾರಣ ಅದೇ.

ಹಳೇ ಕಾರ್ಬ್ಯುರೇಟರ್

ದಯವಿಟ್ಟು ದೊಡ್ಡ ಪಂಪ್ ತರಬೇಡಿ. ನಿಮ್ಮ ಪಂಪ್ ಕೆಟ್ಟಿಲ್ಲ, ಅದು ಇರುವ ಜಾಗ ತಪ್ಪು. ನೀವು ಹೇಳಿದ ಆ ಎರಡು ವಿಷಯದಲ್ಲೇ ಉತ್ತರ ಇದೆ.

ಈ ಥರದ ಪಂಪ್‌ಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಬಡವ. ಟ್ಯಾಂಕ್ ಪಕ್ಕದಲ್ಲಿ ಇಟ್ಟರೆ ಪೆಟ್ರೋಲ್ ತಾನಾಗಿ ಪಂಪಿಗೆ ಇಳಿಯುತ್ತದೆ, ಪಂಪ್ ಅದನ್ನು ಎಷ್ಟು ದೂರ ಬೇಕಾದರೂ ಮುಂದಕ್ಕೆ ತಳ್ಳುತ್ತದೆ. ನೀವು ಕಾರಿನ ಆ ತುದಿಯಿಂದ ಈ ತುದಿಗೆ ಎಳೆಸುತ್ತಿದ್ದೀರಿ. ಸಾಲದ್ದಕ್ಕೆ ದಾರಿಯಲ್ಲಿ ಒಂದು ಕಾಗದದ ಫಿಲ್ಟರ್ ಬೇರೆ.

ಎಳೆದರೆ ಏನಾಗುತ್ತದೆ? ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ದ್ರವ ಬೇಗ ಕುದಿಯುತ್ತದೆ, ಎತ್ತರದ ಬೆಟ್ಟದ ಮೇಲೆ ನೀರು ಬೇಗ ಕುದಿಯುವುದಿಲ್ಲವೇ, ಹಾಗೆ. ಪೆಟ್ರೋಲ್ ಒಂದೇ ವಸ್ತು ಅಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿ ಹಗುರ ಇರುವ ಭಾಗ ಮಾಮೂಲಿ ಒತ್ತಡದಲ್ಲೇ 35, 40 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಆವಿಯಾಗಲು ಶುರು ಮಾಡುತ್ತದೆ. ನಿಮ್ಮ ಎಂಜಿನ್ ಗೂಡಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಹೀಗೆ ಪಂಪಿನ ಬಾಯಿಗೆ ಬರುವ ಹೊತ್ತಿಗೆ ಅರ್ಧ ಪೆಟ್ರೋಲ್, ಅರ್ಧ ಆವಿ. ಗಾಜಿನಲ್ಲಿ ಕಂಡ ಗುಳ್ಳೆ ಅದೇ. ಇದಕ್ಕೇ ವೇಪರ್ ಲಾಕ್ ಅನ್ನುತ್ತಾರೆ. ಏರಿನಲ್ಲಿ ಎಂಜಿನ್ ಜಾಸ್ತಿ ಕೇಳುತ್ತದೆ, ಪಂಪ್ ಜಾಸ್ತಿ ಎಳೆಯುತ್ತದೆ, ಒತ್ತಡ ಇನ್ನೂ ಇಳಿಯುತ್ತದೆ. ಅದಕ್ಕೇ ಏರಿನಲ್ಲೇ ಕೈ ಕೊಡುವುದು.

ಸದ್ದಿನ ವಿಷಯಕ್ಕೆ ಬರೋಣ. ಎದುರಿಗೆ ಒತ್ತಡ ಇದ್ದಾಗ ಈ ಪಂಪ್ ನಿಧಾನವಾಗಿ ಬಡಿಯುತ್ತದೆ. ಒಳಗೆ ಆವಿ, ಗಾಳಿ ಸಿಕ್ಕರೆ ತಡೆಯೇ ಇಲ್ಲ, ಟಕಟಕ ಎಂದು ಓಡುತ್ತದೆ. ಈ ಸದ್ದು ಗುರುತು ಹಿಡಿಯಲು ಕಲಿತರೆ ನಿಮಗೆ ಗೇಜೇ ಬೇಡ. ದೊಡ್ಡ ಪಂಪ್ ಹಾಕಿದರೆ ಇನ್ನೂ ಜೋರಾಗಿ ಎಳೆಯುತ್ತದೆ, ಇನ್ನೂ ಬೇಗ ಕುದಿಯುತ್ತದೆ, ಅಷ್ಟೇ.

ಅನುಮಾನ ಇದ್ದರೆ ಅಳೆದು ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ, ಲೋಹದ ಕ್ಯಾನಿಗೆ ಬಿಡಿ. ಪಂಪ್ ಮೂವತ್ತು ಸೆಕೆಂಡ್ ಓಡಲಿ. ಸುಮಾರು 100 ಅಶ್ವಶಕ್ತಿಯ ಎಂಜಿನ್ ಪೂರ್ತಿ ತುಳಿದಾಗ ನಿಮಿಷಕ್ಕೆ ಅರ್ಧ ಲೀಟರ್ ಆಸುಪಾಸು ಕುಡಿಯುತ್ತದೆ. ನಿಮಗೆ ಅದರ ಎರಡರಷ್ಟು ಬಂದರೆ ಪಂಪ್ ಬಗ್ಗೆ ಮಾತೇ ಬೇಡ. ಇದನ್ನು ಬಯಲಲ್ಲಿ ಮಾಡಿ, ಶೆಡ್ ಒಳಗೆ ಬೇಡ. ಗುಂಡಿ ಇರುವ ಕಡೆಯಂತೂ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೋಗಿ ತಗ್ಗಿನಲ್ಲಿ ಕೂರುತ್ತದೆ, ಎಲ್ಲೋ ಒಂದು ಕಿಡಿಗೆ ಕಾಯುತ್ತದೆ. ಬೆಂಕಿ ನಂದಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ.

ಹದಿಮೂರನೇ ಸ್ಪ್ಯಾನರ್

ಎರಡನೇ ಗೇರ್ ಅವರೇ, ಮುಚ್ಚಳ ತೆಗೆದು ನೋಡಿದೆ. ಸುಯ್ ಅನ್ನಲಿಲ್ಲ, ವೆಂಟ್ ಸರಿ ಇದೆ.

ಸರ್, ನೀವು ಹೇಳಿದ ಹಾಗೆ ಬಯಲಲ್ಲಿ ಅಳೆದೆ. ಮಗಳು ದೂರ ನಿಂತು ಟೈಮ್ ನೋಡಿದಳು. ಮೂವತ್ತು ಸೆಕೆಂಡಿಗೆ 620 ಮಿಲಿ. ಅಂದರೆ ನಿಮಿಷಕ್ಕೆ ಒಂದೂಕಾಲು ಲೀಟರ್ ಹತ್ತಿರ. ಪಂಪ್ ಚೆನ್ನಾಗಿದೆ, ಒಪ್ಪಿದೆ.

ಆದರೆ ಒಂದು ಪ್ರಶ್ನೆ. ಹಳೇ ಕಾರಿನಲ್ಲಿ ಮೆಕ್ಯಾನಿಕಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿತ್ತು. ಅದೂ ಹಿಂದಿನಿಂದ ಎಳೆಯುತ್ತಿತ್ತು ಅಲ್ವಾ? ಅದು ಹೇಗೆ ನಡೆಯುತ್ತಿತ್ತು?

ಹಳೇ ಕಾರ್ಬ್ಯುರೇಟರ್

ಒಳ್ಳೆ ಪ್ರಶ್ನೆ. ಆ ಡಯಾಫ್ರಾಂ ಪಂಪ್ ಎಳೆಯುವುದಕ್ಕೆಂದೇ ಮಾಡಿದ್ದು. ಆ ಕಾರಿನ ಎಂಜಿನ್ ಗೂಡು ದೊಡ್ಡದು, ಸುತ್ತ ಗಾಳಿ ಆಡುತ್ತಿತ್ತು. ನಿಮ್ಮದರಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ಪಂಪಿಗೆ ಎಷ್ಟು ದೂರ? ಒಂದೆರಡು ಗೇಣು ಇರಬಹುದು. ಅಷ್ಟು ಗಾಳಿ ಆಡುತ್ತಿದ್ದರೂ ಆ ಕಾಲದ ಕಾರುಗಳು ಬೇಸಿಗೆಯಲ್ಲಿ ಇದೇ ಥರ ನಿಲ್ಲುತ್ತಿದ್ದವು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕಾರ್ಬ್ಯುರೇಟರ್ ಬದಲು ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಬಂದ ಮೇಲೆ ಕಂಪನಿಗಳು ಪಂಪನ್ನು ಟ್ಯಾಂಕ್ ಒಳಗೇ ಮುಳುಗಿಸಿಟ್ಟವು. ಅಲ್ಲಿ ಎಳೆಯುವ ಕೆಲಸವೇ ಇಲ್ಲ, ಸುತ್ತ ಇರುವ ಪೆಟ್ರೋಲೇ ತಂಪು ಕೊಡುತ್ತದೆ.

ಈಗ ನಿಮ್ಮ ಕೆಲಸ ಹೇಳುತ್ತೇನೆ. ಪಂಪನ್ನು ಹಿಂದಕ್ಕೆ ಒಯ್ಯಿರಿ, ಟ್ಯಾಂಕಿನ ತಳಕ್ಕಿಂತ ಸ್ವಲ್ಪ ಕೆಳಗೆ ಬರುವ ಹಾಗೆ. ಆದರೆ ಚಾಸಿಗಿಂತ ಕೆಳಗೆ ತೂಗಬಾರದು, ಕಲ್ಲು ಬಡಿಯುತ್ತದೆ. ಪಂಪಿನ ಔಟ್‌ಲೆಟ್ ಮೇಲ್ಮುಖ ಇರಲಿ. ನೆಟ್ಟಗೆ ನಿಲ್ಲಿಸಲು ಆಗದಿದ್ದರೆ ಕಡೇ ಪಕ್ಷ 45 ಡಿಗ್ರಿ ಓರೆ. ಅಡ್ಡ ಮಲಗಿಸಿದರೆ ಒಳಗೆ ಗಾಳಿ ಕೂತುಬಿಡುತ್ತದೆ. ರಬ್ಬರ್ ಬುಷ್ ಮೇಲೆ ಕೂರಿಸಿ, ಇಲ್ಲದಿದ್ದರೆ ಅಲ್ಯೂಮಿನಿಯಂ ಮೈಗೆ ಆ ಟಿಕ್ ಟಿಕ್ ಡೋಲು ಬಾರಿಸಿದ ಹಾಗೆ ಕೇಳುತ್ತದೆ.

ಕಾಗದದ ಫಿಲ್ಟರ್ ಅನ್ನು ಪಂಪಿನ ಆಚೆಗೆ, ತಳ್ಳುವ ಕಡೆಗೆ ಹಾಕಿ. ಪಂಪಿನ ಮುಂಚೆ ಬರೀ ಜಾಲರಿ ಫಿಲ್ಟರ್ ಸಾಕು. ಕಸ ತಡೆಯಬೇಕು, ಪೆಟ್ರೋಲನ್ನಲ್ಲ.

ಪೈಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕೇಳಿಸಿಕೊಳ್ಳಿ. ಉದ್ದಕ್ಕೂ ರಬ್ಬರ್ ಎಳೆಯಬೇಡಿ. 8 ಮಿಮೀ ಲೋಹದ ಪೈಪ್ ಹಾಕಿ, ಎರಡು ತುದಿಯಲ್ಲಿ ಮಾತ್ರ ಗೇಣುದ್ದ ಹೋಸ್. ಲೋಹದ ಪೈಪಿನ ತುದಿಗೆ ಉಬ್ಬು ಇರಬೇಕು, ಬೋಳು ಪೈಪಿಗೆ ಕ್ಲಿಪ್ ಬಿಗಿದರೆ ಒಂದು ದಿನ ಜಾರುತ್ತದೆ. ಹೋಸ್ ಮೇಲೆ ಬರೆದಿರುವುದನ್ನು ಓದಿ. ಎಸ್‌ಎಇ ಜೆ30 ಆರ್6 ಎಂದು ಇದ್ದರೆ ಕಾರ್ಬ್ಯುರೇಟರ್‌ನ ಕಡಿಮೆ ಒತ್ತಡದ್ದು. ಆರ್9 ಇಂಜೆಕ್ಷನ್‌ನದು, ಎಥನಾಲ್ ಬೆರೆತ ಪೆಟ್ರೋಲಿಗೂ ಚೆನ್ನಾಗಿ ತಡೆಯುತ್ತದೆ. ನಾನಾದರೆ ಕಾರ್ಬ್ಯುರೇಟರ್ ಇದ್ದರೂ ಆರ್9 ಅನ್ನೇ ಹಾಕುತ್ತೇನೆ.

ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ಕಾರಿನಲ್ಲಿ ಒಂದು ಹೋಸ್ ಇತ್ತು. ಮೇಲೆ ನೋಡಿದರೆ ಹೊಸದರ ಹಾಗೆ ಕಪ್ಪಗೆ ಮಿರಮಿರ. ಸುಮ್ನೆ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಬಗ್ಗಿದ ಕಡೆ ಒಣಗಿದ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟುಕೊಂಡಿತು, ಬಿರುಕಿನ ತುದಿಯಲ್ಲಿ ಒಂದು ಹನಿ ಮೂಡಿ ಬಂತು. ಕತ್ತರಿಸಿ ನೋಡಿದರೆ ಒಳಗೋಡೆ ಕೈಗೆ ಮಸಿಯ ಹಾಗೆ ಹತ್ತಿತು. ಅದರ ನೇರ ಕೆಳಗೆ ಎಕ್ಸಾಸ್ಟ್ ಇತ್ತು. ಅವತ್ತಿನಿಂದ ನಾನು ಹೋಸ್ ವಿಷಯದಲ್ಲಿ ಯಾರ ಮಾತೂ ಕೇಳುವುದಿಲ್ಲ. ಬಗ್ಗಿಸಿ ನೋಡದೆ ಒಂದನ್ನೂ ಹಾಕುವುದಿಲ್ಲ.

ಪೈಪ್ ದಾರಿ ಎಕ್ಸಾಸ್ಟ್ ಇಲ್ಲದ ಬದಿಯಲ್ಲಿ ಬರಲಿ. ಒಂದೊಂದು ಅಡಿಗೆ ಒಂದು ರಬ್ಬರ್ ಹಾಸಿದ ಕ್ಲಿಪ್. ಪ್ರೊಪೆಲ್ಲರ್ ಶಾಫ್ಟ್ ಸುರಂಗದೊಳಗೆ ಬಿಡಲೇಬೇಕು ಎಂದಾದರೆ, ಶಾಫ್ಟಿನ ಜಾಯಿಂಟ್ ಕಿತ್ತು ಬಡಿದರೂ ಪೈಪಿಗೆ ತಾಗದ ಹಾಗೆ ಮೂಲೆಯಲ್ಲಿ ತಗಡಿನ ಮರೆ ಕೊಡಿ. ಬ್ಯಾಟರಿ ಕೇಬಲ್ ಜೊತೆ ಒಂದೇ ಕ್ಲಿಪ್ಪಿಗೆ ಸಿಕ್ಕಿಸಬೇಡಿ.

ಇನ್ನೊಂದು. ಪಂಪ್ ಈಗ ಟ್ಯಾಂಕಿಗಿಂತ ಕೆಳಗೆ ಬರುತ್ತದೆ. ಅಂದರೆ ಹೋಸ್ ಕಳಚಿದರೆ ಟ್ಯಾಂಕ್ ಪೂರ್ತಿ ತಾನಾಗಿ ನೆಲಕ್ಕೆ ಇಳಿಯುತ್ತದೆ. ಟ್ಯಾಂಕ್ ಬಾಯಲ್ಲೇ ಒಂದು ವಾಲ್ವ್ ಇರಲಿ. ಫಿಲ್ಟರ್ ಬದಲಾಯಿಸುವ ದಿನ ಅದರ ಬೆಲೆ ಗೊತ್ತಾಗುತ್ತದೆ.

ವೈರ್ ಕೆಲಸದವನು

ಪಂಪ್ ಜಾಗದ ಬಗ್ಗೆ ಸರ್ ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ನನ್ನ ಚಿಂತೆ ವೈರಿಂಗ್. ಈಗ ಹೇಗೆ ಕೊಟ್ಟಿದ್ದೀರಿ? ಕೀ ಸ್ವಿಚ್‌ನಿಂದ ನೇರವಾಗಿಯಾ?

ಹಾಗಿದ್ದರೆ ಇದನ್ನು ಇವತ್ತೇ ಬದಲಾಯಿಸಿ. ಮೆಕ್ಯಾನಿಕಲ್ ಪಂಪ್‌ನಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪಿಗೆ ಎಂಜಿನ್ ನಿಂತಿದ್ದು ಗೊತ್ತಾಗುವುದಿಲ್ಲ. ಕಾರು ಗುದ್ದಿ, ಪೈಪ್ ಹರಿದು, ನೀವು ಪ್ರಜ್ಞೆ ತಪ್ಪಿ ಕೂತಿದ್ದರೂ ಕೀ ಆನ್ ಇರುವ ತನಕ ಅದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮಗಳನ್ನು ಕೂರಿಸಿಕೊಂಡು ಹೋಗುತ್ತೀರಿ ಎಂದಿರಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮಾಮೂಲಿ ರಿಲೇ ತೆಗೆದುಕೊಳ್ಳಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್ ಅದು. ಬ್ಯಾಟರಿಯಿಂದ ಫ್ಯೂಸ್ ಮೂಲಕ ಅದರ 30 ನಂಬರ್ ಪಿನ್ನಿಗೆ, 87ರಿಂದ ಪಂಪಿಗೆ. 85, 86 ರಿಲೇ ಒಳಗಿನ ಕಾಯಿಲ್‌ನದು. ಆ ಕಾಯಿಲ್ ದಾರಿಯಲ್ಲಿ ಇನರ್ಷಿಯಾ ಸ್ವಿಚ್ ಬರಲಿ. ಒಳಗೆ ಒಂದು ಉಕ್ಕಿನ ಗುಂಡು ಅಯಸ್ಕಾಂತದ ಮೇಲೆ ಕೂತಿರುತ್ತದೆ, ಗುದ್ದು ಬಿದ್ದರೆ ಗುಂಡು ಹಾರಿ ಸಂಪರ್ಕ ಕಡಿಯುತ್ತದೆ. ಗುಜರಿಗೆ ಹೋದ ಕಾರುಗಳಲ್ಲೂ ಸಿಗುತ್ತದೆ. ಹಾಕುವ ಮುಂಚೆ ಅಂಗೈಗೆ ಜೋರಾಗಿ ಕುಟ್ಟಿ ನೋಡಿ, ಕ್ಲಿಕ್ ಎಂದು ಸ್ವಿಚ್ಚಿನ ಬಟನ್ ಮೇಲೆ ಬರಬೇಕು. ಚಾಸಿಗೆ ಗಟ್ಟಿಯಾಗಿ ಬಿಗಿಯಿರಿ, ಬಾಣ ಇರುವ ಕಡೆ ಮೇಲಕ್ಕೆ. ಇದರ ಜೊತೆಗೆ ಇಗ್ನಿಷನ್ ಪಲ್ಸ್ ನಿಂತರೆ ಪಂಪ್ ನಿಲ್ಲಿಸುವ ರಿಲೇಗಳೂ ಸಿಗುತ್ತವೆ. ಎಂಜಿನ್ ತಿರುಗದಿದ್ದರೆ ಪಂಪೂ ಇಲ್ಲ. ಎರಡೂ ಹಾಕಿದರೆ ನನಗೆ ನೆಮ್ಮದಿ.

ಅರ್ತ್ ಮರೆಯಬೇಡಿ. ರಬ್ಬರ್ ಬುಷ್ ಮೇಲೆ ಕೂತ ಪಂಪಿಗೆ ಚಾಸಿಯ ಸಂಪರ್ಕ ಇರುವುದಿಲ್ಲ. ಪ್ರತ್ಯೇಕ ವೈರ್ ಬೇಕು. ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಬೋಲ್ಟ್ ಕೆಳಗೆ ಬಣ್ಣ ಕೆರೆದು ಲೋಹ ಹೊಳೆಯಬೇಕು. ಪಂಪ್ ಓಡುತ್ತಿರುವಾಗ ಅದರ ಎರಡು ತುದಿಗೇ ಮೀಟರ್ ಹಿಡಿದು ನೋಡಿ. ಬ್ಯಾಟರಿಗಿಂತ ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಡಿಮೆ ಇದ್ದರೆ ಎಲ್ಲೋ ತಿನ್ನುತ್ತಿದೆ.

ನಾಲ್ಕು ಇಂಜೆಕ್ಟರ್

ಮಧ್ಯೆ ಬಂದೆ, ಕ್ಷಮಿಸಿ. ನನ್ನದೂ ಇದೇ ಥರದ ಕಾರು, ಆದರೆ ಇಂಜೆಕ್ಷನ್ ಎಂಜಿನ್. ಇದೇ ಮಾತು ನನಗೂ ನಡೆಯುತ್ತದಾ?

ಹಳೇ ಕಾರ್ಬ್ಯುರೇಟರ್

ಜಾಗದ ಮಾತು ನಡೆಯುತ್ತದೆ, ಒತ್ತಡದ ಲೆಕ್ಕ ಬೇರೆ. ಸಾಮಾನ್ಯ ಇಂಜೆಕ್ಷನ್‌ಗೆ 3 ಬಾರ್ ಆಸುಪಾಸು ಬೇಕು, ಅಂದರೆ 43 ಪಿಎಸ್‌ಐಗಿಂತ ಸ್ವಲ್ಪ ಜಾಸ್ತಿ. ಟ್ಯಾಂಕಿಗೆ ವಾಪಸ್ ಬರುವ ಪೈಪ್ ಬೇಕಾಗಬಹುದು. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿಗೆ ಗಾಳಿ ಸಿಕ್ಕಿದರೆ ಎಂಜಿನ್ ತಕ್ಷಣ ಮುಗ್ಗರಿಸುತ್ತದೆ, ಯಾಕೆಂದರೆ ನಿಮಗೆ ಕಾರ್ಬ್ಯುರೇಟರ್ ತೊಟ್ಟಿಯ ದಾಸ್ತಾನು ಇಲ್ಲ. ಟ್ಯಾಂಕ್ ಒಳಗೆ ಅಡ್ಡ ತಗಡುಗಳಿಲ್ಲದಿದ್ದರೆ ಸ್ವರ್ಲ್ ಪಾಟ್ ಹಾಕಿ. ಚಿಕ್ಕ ಪಂಪ್ ಆ ಡಬ್ಬಿ ತುಂಬಿಸುತ್ತದೆ, ದೊಡ್ಡ ಪಂಪ್ ಅದರ ತಳದಿಂದ ತೆಗೆದುಕೊಳ್ಳುತ್ತದೆ. ಇದಕ್ಕೆ ಬೇರೆ ಪ್ರಶ್ನೆ ಹಾಕಿ, ಕೂತು ಮಾತಾಡೋಣ.

ಹದಿಮೂರನೇ ಸ್ಪ್ಯಾನರ್

ಮೂರು ವಾರ ಆಯಿತು, ಕೆಲಸ ಮುಗಿಸಿಕೊಂಡು ಬಂದಿದ್ದೇನೆ. ಪಂಪ್ ಈಗ ಟ್ಯಾಂಕಿನ ಬಲ ಬದಿಯಲ್ಲಿ, ತಳಕ್ಕಿಂತ ಎರಡು ಇಂಚು ಕೆಳಗೆ, ಒಂದು ಚಿಕ್ಕ ಬ್ರಾಕೆಟ್ ಮೇಲೆ ನೆಟ್ಟಗೆ ನಿಂತಿದೆ.

ಹಳೇ ಪೈಪ್ ಬಿಚ್ಚುವಾಗ ಇನ್ನೊಂದು ತಪ್ಪು ಸಿಕ್ಕಿತು. ಡಿಫರೆನ್ಷಿಯಲ್ ಮೇಲೆ ಹೋಸ್ ಒಂದು ಗೂನು ಹಾಕಿಕೊಂಡು ಹೋಗುತ್ತಿತ್ತು. ಆ ಗೂನಿನ ಮೇಲೆ ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಯಿತು. ಎಳೆದಾಗೆಲ್ಲ ಅಲ್ಲೇ ಚಪ್ಪಟೆ ಆಗುತ್ತಿತ್ತು ಅನಿಸುತ್ತದೆ. ಈಗ ಅಲ್ಲಿ ಲೋಹದ ಪೈಪ್ ಇದೆ.

ವೈರ್ ಅಣ್ಣ, ನಿಮ್ಮ ಮಾತು ನಿಜ. ಮೊದಲು ಮೀಟರ್ ಹಿಡಿದಾಗ ಬ್ಯಾಟರಿಯಲ್ಲಿ 12.4, ಪಂಪಿನಲ್ಲಿ 10.9. ಅರ್ತ್ ಬೋಲ್ಟ್ ಪೌಡರ್ ಕೋಟಿಂಗ್ ಮೇಲೇ ಕೂತಿತ್ತು, ಥ್ರೆಡ್‌ನಲ್ಲಿ ಎಷ್ಟು ಸಿಗುತ್ತದೋ ಅಷ್ಟೇ ಸಂಪರ್ಕ. ಕೆರೆದು, ಹೊಸ ವೈರ್ ಹಾಕಿದ ಮೇಲೆ ಪಂಪಿನಲ್ಲಿ 12.2. ಇನರ್ಷಿಯಾ ಸ್ವಿಚ್ ಕೂಡ ಬಂತು, ಅಂಗೈಗೆ ಕುಟ್ಟಿ ನೋಡಿಯೇ ಹಾಕಿದೆ.

ಓಡಿಸಿದೆ. ಅದೇ ಏರು, ಎಂಜಿನ್ ಬಿಸಿ, ನಿಲ್ಲಲಿಲ್ಲ. ಆದರೆ ಮನೆಗೆ ಬಂದು ಬಾನೆಟ್ ತೆಗೆದರೆ ಪೆಟ್ರೋಲ್ ವಾಸನೆ. ಹಿಂದಿನ ಕಾರ್ಬ್ಯುರೇಟರ್ ಬಾಯಿ ಒದ್ದೆ, ಕೆಳಗೆ ಒಂದೊಂದೇ ಹನಿ. ಕೀ ಆಫ್ ಮಾಡಿ, ವಾಲ್ವ್ ಮುಚ್ಚಿ ಬಂದು ಇದನ್ನು ಬರೆಯುತ್ತಿದ್ದೇನೆ. ಏನಿದು ಸರ್?

ಹಳೇ ಕಾರ್ಬ್ಯುರೇಟರ್

ವಾಲ್ವ್ ಮುಚ್ಚಿದ್ದು ಒಳ್ಳೆಯದಾಯಿತು. ಮತ್ತೆ ಸ್ಟಾರ್ಟ್ ಮಾಡಬೇಡಿ. ಇದು ನಾನು ಮೊದಲೇ ಹೇಳಬೇಕಿದ್ದ ಮಾತು, ನನ್ನದೇ ತಪ್ಪು.

ಪಂಪಿನ ಚೀಟಿಯಲ್ಲಿ ಎಷ್ಟು ಪಿಎಸ್‌ಐ ಎಂದಿದೆ? 6, 7 ಇದ್ದರೆ ನಿಮ್ಮ ವೆಬರ್‌ಗೆ ಅದು ಜಾಸ್ತಿ. ಅದಕ್ಕೆ ಬೇಕಾದದ್ದು 3ರ ಆಸುಪಾಸು. ತೊಟ್ಟಿ ತುಂಬಿದಾಗ ಫ್ಲೋಟ್ ಒಂದು ಸಣ್ಣ ಸೂಜಿಯನ್ನು ಒತ್ತಿ ಬಾಯಿ ಮುಚ್ಚುತ್ತದೆ. ಆ ಸೂಜಿ ತಡೆಯುವುದಕ್ಕಿಂತ ಜೋರಾಗಿ ತಳ್ಳಿದರೆ ಪೆಟ್ರೋಲ್ ಅದನ್ನು ದಾಟಿಕೊಂಡು ಹೊರಗೆ ಬರುತ್ತದೆ. ಇಷ್ಟು ದಿನ ಉಸಿರು ಕಟ್ಟಿಕೊಂಡು ಓಡುತ್ತಿದ್ದ ಪಂಪ್ ಈಗ ತನ್ನ ಪೂರ್ತಿ ಬಲ ಕೊಡುತ್ತಿದೆ.

ಪ್ರೆಶರ್ ರೆಗ್ಯುಲೇಟರ್ ತನ್ನಿ, ಕಾರ್ಬ್ಯುರೇಟರ್ ಹತ್ತಿರ ಹಾಕಿ, ಅದರ ಮುಂದೆ ಒಂದು ಗೇಜ್. ಎಂಜಿನ್ ಐಡಲ್‌ನಲ್ಲಿ ಇರುವಾಗ 3ಕ್ಕೆ ತನ್ನಿ. ರೆಗ್ಯುಲೇಟರ್ ಮೇಲೆ ಬರೆದ ಅಂಕಿ ನಂಬಬೇಡಿ, ಗೇಜ್ ನಂಬಿ. ಆಮೇಲೂ ಹನಿ ಬಿದ್ದರೆ ಸೂಜಿ ಮತ್ತು ಅದರ ಸೀಟ್ ಬಿಚ್ಚಿ ನೋಡಿ. ಹೊಸ ಪೈಪ್ ಕತ್ತರಿಸಿದಾಗ ಉದುರಿದ ಲೋಹದ ಚೂರು ಅಲ್ಲಿ ಸಿಕ್ಕಿರಬಹುದು.

ಹದಿಮೂರನೇ ಸ್ಪ್ಯಾನರ್

ಚೀಟಿಯಲ್ಲಿ 6ರಿಂದ 7 ಎಂದೇ ಇದೆ. ರೆಗ್ಯುಲೇಟರ್ ಹಾಕಿ 3ಕ್ಕೆ ತಂದೆ. ಮುಂದಿನ ಕಾರ್ಬ್ಯುರೇಟರ್ ಒಣಗಿತು, ಹಿಂದಿನದು ಆಗಲೂ ಸ್ವಲ್ಪ ಒದ್ದೆ. ನೀವು ಹೇಳಿದ ಹಾಗೆ ಸೂಜಿ ಬಿಚ್ಚಿದೆ. ಸೀಟಿನ ಅಂಚಿನಲ್ಲಿ ತಲೆಕೂದಲಿನಷ್ಟು ತೆಳ್ಳನೆ ಒಂದು ಲೋಹದ ಎಳೆ ಇತ್ತು, ಟಾರ್ಚ್ ಬೆಳಕಿಗೆ ಮಿಂಚಿತು ಅದಕ್ಕೇ ಕಂಡಿತು. ತೆಗೆದು, ಪೈಪ್ ಪೂರ್ತಿ ಬಿಚ್ಚಿ ಗಾಳಿ ಊದಿಸಿ, ಮತ್ತೆ ಜೋಡಿಸಿದೆ.

ನಿನ್ನೆ ಎರಡು ಗಂಟೆ ಓಡಿಸಿದೆವು, ಮಗಳೂ ಇದ್ದಳು. ಆ ಏರನ್ನು ಮೂರು ಸಲ ಹತ್ತಿದೆ, ಕಡೇ ಸಲ ಬೇಕೆಂದೇ ಮಧ್ಯದಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಸಿ ಎಂಜಿನ್ ಹಾಗೇ ಬಿಟ್ಟು ಸ್ಟಾರ್ಟ್ ಮಾಡಿದೆ. ಮೊದಲ ತಿರುವಿಗೇ ಹತ್ತಿಕೊಂಡಿತು. ಗೇಜ್ ಮುಳ್ಳು 3 ಬಿಟ್ಟು ಅಲುಗಲಿಲ್ಲ. ಬೆಳಿಗ್ಗೆ ಕಾರಿನ ಕೆಳಗೆ ಹಾಸಿದ್ದ ಬಿಳಿ ರಟ್ಟು ತೆಗೆದು ನೋಡಿದೆ, ಒಂದು ಹನಿಯೂ ಇಲ್ಲ. ವಾಲ್ವ್ ಪ್ರತಿ ರಾತ್ರಿ ಮುಚ್ಚುತ್ತಿದ್ದೇನೆ. ಮುಂದಿನ ವಾರ ಇಗ್ನಿಷನ್ ಪಲ್ಸ್ ರಿಲೇ ಬರುತ್ತದೆ, ಹಾಕಿದ ಮೇಲೆ ವೈರಿಂಗ್ ಫೋಟೋ ಇಲ್ಲೇ ಹಾಕುತ್ತೇನೆ. ವೈರ್ ಅಣ್ಣ, ಒಂದು ಸಲ ನೋಡಿ ಹೇಳಬೇಕು.